ದೇವದುರ್ಗದ ಅರ್ಕಾವೊತ್ತು

ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದು ನಂಬಿಕೆ ಇದೆ. ಬಳಸುವವರಿಗೆ ತೊಂದರೆ ಆದರೆ ಅವರು ಹೇಳೇ ಹೇಳ್ತಾರೆ ಅಂತ. ಟಿಕೆಟ್ ಬರುತ್ತೆ, ಮೇಲ್ ಬರುತ್ತೆ, ಒಂದು ಸ್ಟಾರ್ ಕೊಟ್ಟು ಬೈದಾದರೂ ಬೈತಾರೆ. ಏನೂ ಬರಲಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ಲೆಕ್ಕ. ನಾನೂ ಇದೇ ಕೆಲಸದಲ್ಲಿ ಅನ್ನ ತಿನ್ನುವವನು. ಆದರೆ ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಬೆಳೆದು, ನಮ್ಮ ಕಡೆಯ ಫೋಟೋ ಸ್ಟುಡಿಯೋಗಳನ್ನ ನೋಡಿದವನಿಗೆ ಈ ಲೆಕ್ಕ ಒಪ್ಪೋದು ಕಷ್ಟ. ಫೋಟೋ ತಿದ್ದುವ ತಂತ್ರಾಂಶದಲ್ಲಿ ಕನ್ನಡ ಅಕ್ಷರ ನೆಟ್ಟಗೆ ಕೂರಲು ಎರಡು ದಶಕಕ್ಕಿಂತ ಹೆಚ್ಚು ಹಿಡೀತು. ಅಷ್ಟೂ ಕಾಲ ನಮ್ಮವರು ದೂರು ಬರೆಯುತ್ತ ಕೂರಲಿಲ್ಲ, ಹೆಂಗೋ ಕೆಲಸ ನಡೆಸಿದರು.

ಫೋಟೋ ತಿದ್ದೋದು ಕಂಪ್ಯೂಟರಿನಿಂದ ಶುರುವಾಗಿದ್ದಲ್ಲ. 1855ರ ಪ್ಯಾರಿಸ್ ಪ್ರದರ್ಶನದಲ್ಲೇ ಜರ್ಮನಿಯ ಫ್ರಾಂಜ್ ಹಾನ್‌ಫ್‌ಸ್ಟೇಂಗಲ್ ನೆಗೆಟಿವ್ ಮೇಲೆ ತಿದ್ದಿದ ಚಿತ್ರಗಳನ್ನು ತೋರಿಸಿದ್ದ. ಆಮೇಲೆ ಊರೂರಿನ ಸ್ಟುಡಿಯೋಗಳಲ್ಲಿ ಪೆನ್ಸಿಲ್, ಕುಂಚ, ಸಣ್ಣ ಬ್ಲೇಡು ಈ ಕೆಲಸದ ಹತಾರಗಳಾದವು. ಇವತ್ತಿಗೂ ಫೋಟೋಶಾಪಿನಲ್ಲಿ ಡಾಡ್ಜ್ ಅನ್ನೋ ಸಾಧನದ ಚಿತ್ರ ನೋಡಿ, ಕಡ್ಡಿ ತುದಿಗೆ ಸಿಕ್ಕಿಸಿದ ಬಿಲ್ಲೆ. ಬರ್ನ್ ಅನ್ನೋದು ಬೆರಳು ಮಡಿಸಿದ ಕೈ. ಎರಡೂ ಕತ್ತಲೆ ಕೋಣೆಯಲ್ಲಿ ಬೆಳಕು ತಡೆಯಲು, ಬೇಕಾದಲ್ಲಿ ಬಿಡಲು ಬಳಸುತ್ತಿದ್ದ ಉಪಾಯಗಳು.

ಆ ಕಾಲದಲ್ಲಿ ಗಿರಾಕಿ ಕೇಳಿದ್ದು ಮಾಡುವವನ ಕಿವಿಗೆ ನೇರ ಬೀಳುತ್ತಿತ್ತು. ರಾಯಚೂರು ಆಗ ನಿಜಾಮರ ಸೀಮೆ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ಲಾಲಾ ದೀನ್ ದಯಾಳ್. ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು, ಒಂದು ರೀತೀಲಿ ನಮ್ಮ ಜಾತಿಯೇ. ಪರದೆಯ ಹೆಂಗಸರು ಗಂಡಸಿನ ಕ್ಯಾಮೆರಾ ಮುಂದೆ ಕೂರುವ ಹಾಗಿರಲಿಲ್ಲ. 1892ರಲ್ಲಿ ದೀನ್ ದಯಾಳ್ ಹೈದರಾಬಾದಿನಲ್ಲಿ ಹೆಂಗಸರಿಗೇ ಬೇರೆ ಜನಾನಾ ಸ್ಟುಡಿಯೋ ತೆರೆದರು. ಎತ್ತರದ ಗೋಡೆ, ಒಳಗೆ ಫೋಟೋ ತೆಗೆಯಲು ಒಬ್ಬ ಇಂಗ್ಲಿಷ್ ಮಹಿಳೆ. ಗಿರಾಕಿ ಬರದೇ ಇರೋದಕ್ಕೂ ಒಂದು ಕಾರಣ ಇರುತ್ತೆ ಅಂತ ಅವರು ಕಂಡುಕೊಂಡಿದ್ದರು.

ಫೋಟೋಶಾಪ್ ಹುಟ್ಟಿದ ಕಥೆಯೂ ಇಂಥದ್ದೇ. 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಥಾಮಸ್ ನೋಲ್, ಕಪ್ಪು-ಬಿಳುಪಿನ ಮ್ಯಾಕ್ ಪರದೆ ಮೇಲೆ ಬೂದು ಛಾಯೆಯ ಚಿತ್ರ ತೋರಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದ. ಸಿನಿಮಾ ಎಫೆಕ್ಟ್ಸ್ ಮಾಡುವ ಕಂಪನಿಯಲ್ಲಿದ್ದ ಅವನ ತಮ್ಮ ಜಾನ್, ಇದೂ ಬೇಕು ಅದೂ ಬೇಕು ಅಂತ ಬೆನ್ನು ಹತ್ತಿದ. ತಮ್ಮನ ಕಾಟದಿಂದಲೇ ಆ ಪ್ರೋಗ್ರಾಮ್ ಬೆಳೀತು. ಅದನ್ನೇ ಅಡೋಬಿ ಕಂಪನಿ 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಅಂತ ಬಿಡುಗಡೆ ಮಾಡಿತು. 1994ರಲ್ಲಿ ಲೇಯರ್, 1998ರಲ್ಲಿ ಬರೆದ ಮೇಲೂ ತಿದ್ದಬಹುದಾದ ಅಕ್ಷರ, 2002ರಲ್ಲಿ ಹೀಲಿಂಗ್ ಬ್ರಷ್ ಬಂದವು. ಮುಂದೆ 2010ರ ಸಿಎಸ್ 5 ಮತ್ತು 2012ರ ಸಿಎಸ್ 6 ಆವೃತ್ತಿಗಳಲ್ಲಿ, ಬಳಕೆದಾರರು ಕೇಳುತ್ತ ಬಂದ ಹತ್ತಾರು ಸಣ್ಣಪುಟ್ಟ ಸುಧಾರಣೆಗಳನ್ನ 'ಜಸ್ಟ್ ಡು ಇಟ್' ಅಂತ ಹೆಸರಿಟ್ಟು ಮಾಡಿಕೊಟ್ಟರು. ಅಂದ್ರೆ ಕೇಳಿದರೆ ಸಿಗುತ್ತಿತ್ತು. ಕೇಳುವ ಜಾಗದಲ್ಲಿ ಇರಬೇಕಿತ್ತು, ಅಷ್ಟೇ.

ಈಗ ನಮ್ಮೂರ ಕಡೆ ಬನ್ನಿ. ರಾಯಚೂರಿನ ತೀನ್ ಕಂದಿಲ್ ಸುತ್ತಮುತ್ತ ಇರಲಿ, ಮಾನ್ವಿ, ದೇವದುರ್ಗದ ಬಸ್ ಸ್ಟ್ಯಾಂಡ್ ಎದುರಿಗಿರಲಿ, ರೀಲು ಹೋಗಿ ಕಂಪ್ಯೂಟರ್ ಬಂದ ಮೇಲೆ ಸ್ಟುಡಿಯೋ ಕೌಂಟರಿನಲ್ಲಿ ಬೇಡಿಕೆಗಳ ಸಾಲೇ ಇರುತ್ತಿತ್ತು. "ಅಣ್ಣಾರ, ಅಪ್ಪಂದು ಇದೊಂದೇ ಫೋಟೋ ಐತ್ರಿ, ಅವ್ವನ ಬಾಜೂಕ ಕುಂದರಿಸಿ ಕೊಡ್ರಿ." "ಕಣ್ಣು ಮುಚ್ಯಾನ, ತಗಸ್ರಿ." "ಹುಡುಗೀನ್ನ ಸ್ವಲ್ಪ ಬೆಳ್ಳಗ ಮಾಡ್ರಿ, ವರನ ಕಡೆಯವ್ರಿಗೆ ಕಳಸಾದೈತಿ." ತೀರಿಹೋದ ಅಪ್ಪನನ್ನು ಅವ್ವನ ಪಕ್ಕ ಕೂರಿಸೋದು ಲೇಯರ್ ಕೆಲಸ. ಕಣ್ಣು ಇನ್ನೊಂದು ಫೋಟೋದಿಂದ ಬರುತ್ತಿತ್ತು. ಬೆಳ್ಳಗೆ ಮಾಡೋದು ಇಡೀ ದೇಶದ ಬೇಡಿಕೆ, ಅದನ್ನು ಬಿಡಿ. ಇವನ್ನೆಲ್ಲ ಆಪರೇಟರ್ ನಿಭಾಯಿಸುತ್ತಿದ್ದ. ಅವನಿಗೆ ಸಿಕ್ಕಿಬೀಳುತ್ತಿದ್ದುದು ಫೋಟೋದ ಕೆಳಗೆ ಕನ್ನಡದಲ್ಲಿ ಹೆಸರು ಬರೀರಿ ಅಂದಾಗ.

ಕಂಪ್ಯೂಟರು ಕನ್ನಡ ಬರೆಯುವಾಗ ಎಲ್ಲಿ ಎಡವುತ್ತೆ ಅಂತ ತಿಳಿಯಲು ನಮ್ಮ ಜಿಲ್ಲೆಯ ಈ ಮೂರು ಊರ ಹೆಸರು ಸಾಕು. ರಾಯಚೂರು ಸಾಧು ಹೆಸರು, ಒಂದೂ ಒತ್ತಕ್ಷರ ಇಲ್ಲ. ದೀರ್ಘ, ಕೊಂಬು ಸ್ವಲ್ಪ ದೂರ ನಿಂತರೂ ಓದಬಹುದು. ಮಾನ್ವಿ ಹಾಗಲ್ಲ. ಯೂನಿಕೋಡಿನಲ್ಲಿ ಅದು ಮ, ದೀರ್ಘ, ನ, ವಿರಾಮ, ವ, ಗುಡಿಸು ಅಂತ 6 ಸಂಕೇತಗಳ ಸಾಲು. ತೆರೆಯ ಮೇಲೆ ವ ಇಳಿದು ನ ಕೆಳಗೆ ಒತ್ತಾಗಬೇಕು, ವ ಮೇಲಿದ್ದ ಗುಡಿಸು ನ ತಲೆ ಮೇಲೆ ಏರಬೇಕು. ಇನ್ನು ದೇವದುರ್ಗ. ಬಾಯಲ್ಲಿ ರಕಾರ ಮೊದಲು, ಗಕಾರ ಆಮೇಲೆ. ಬರೆಯುವಾಗ ಗ ಮುಂದಕ್ಕೆ ಬಂದು, ರಕಾರ ಅರ್ಕಾವೊತ್ತಾಗಿ ಅದರ ಬೆನ್ನಿಗೆ ನಿಲ್ಲುತ್ತೆ. ಈ ಸ್ಥಾನಪಲ್ಲಟ ಮಾಡಿಸುವ ಯಂತ್ರ ತಂತ್ರಾಂಶದ ಒಳಗೆ ಇಲ್ಲದಿದ್ದರೆ ದೇವದುರ್ಗ ಮುರಿದು ಬೀಳುತ್ತೆ. ಸ್ಟುಡಿಯೋದಲ್ಲಿ ಹೆಚ್ಚು ಬರೆಯುವ ಮಾತುಗಳಾದರೂ ಯಾವುವು? ಹಾರ್ದಿಕ ಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ. ಎಲ್ಲ ಒತ್ತು, ಅರ್ಕಾವೊತ್ತೇ.

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನೋ ಕನ್ನಡ ಫಾಂಟೂ ಬಂತು. ಆದರೆ ಫೋಟೋಶಾಪಿನಲ್ಲಿ ಅಕ್ಷರ ಕೂರಿಸುವ ಯಂತ್ರ ಅದರದ್ದೇ ಬೇರೆ, ಅದಕ್ಕೆ ಕನ್ನಡ ಗೊತ್ತಿರಲಿಲ್ಲ. "ಹಂಗ ಬರಂಗಿಲ್ರಿ, ನುಡಿಯೊಳಗ ಹೊಡೀಬೇಕು" ಅನ್ನೋದು ನಮ್ಮ ಆಪರೇಟರುಗಳ ಮಂತ್ರವಾಗಿದ್ದು ಹೀಗೆ.

ನುಡಿ ಕನ್ನಡ ಗಣಕ ಪರಿಷತ್ತಿನದು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಇವುಗಳ ಹಳೇ ಫಾಂಟುಗಳ ಉಪಾಯ ಸರಳ ಮತ್ತು ಜಾಣತನದ್ದು. ಕನ್ನಡ ಅಕ್ಷರಗಳನ್ನು ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ನೀವು ದೇವದುರ್ಗ ಅಂತ ಹೊಡೆದರೆ ಫೋಟೋಶಾಪಿಗೆ ಕಾಣೋದು ಒಂದು ಝಡ್, ತಲೆ ಮೇಲೆ ಗೆರೆಯಿರುವ ಇ, ಅಲೆಯಿರುವ ಎ, ಹೀಗೇ ಸಾಗಿ ಕೊನೆಗೆ ಐಸ್‌ಲ್ಯಾಂಡಿನವರ ಎಥ್ ಅಕ್ಷರ. ಆ ಎಥ್ ಮನೆಯಲ್ಲಿ ವಾಸ ಇದ್ದದ್ದೇ ನಮ್ಮ ಅರ್ಕಾವೊತ್ತು. ಯಾವುದೋ ಯುರೋಪಿನ ಭಾಷೆ ಇರಬೇಕು ಅಂದುಕೊಂಡು ಫೋಟೋಶಾಪ್ ಸಾಲಾಗಿ ಜೋಡಿಸುತ್ತಿತ್ತು. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ.

ಕೆಲಸ ಆಯಿತು, ಆದ್ದರಿಂದ ದೂರು ಹೋಗಲಿಲ್ಲ. ಹೋಗದಿರಲು ಇನ್ನೂ ಕಾರಣಗಳಿದ್ದವು. ದೂರು ಬರೆಯಲು ಇಂಗ್ಲಿಷ್ ಬೇಕು. ಎಷ್ಟೋ ಅಂಗಡಿಗಳಲ್ಲಿ ತಂತ್ರಾಂಶ ಬರುತ್ತಿದ್ದುದು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ತಂದ ನಕಲು ಸಿಡಿಯಲ್ಲಿ. ದುಡ್ಡು ಕೊಡದವನು ಕಂಪನಿಯ ಪಟ್ಟಿಯಲ್ಲಿ ಗಿರಾಕಿಯೇ ಅಲ್ಲ, ಅವನು ಏನಂತ ಕೇಳಬೇಕು? ಕೊಳ್ಳೋಣ ಅಂದರೆ ಬೆಲೆ ಡಾಲರ್ ಲೆಕ್ಕದ್ದು, ಪಾಸ್‌ಪೋರ್ಟ್ ಸೈಜ್ ಫೋಟೋ ಮಾರಿ ಬದುಕುವವನಿಗೆ ಎಟುಕುವಂಥದ್ದಲ್ಲ. ಹೀಗಾಗಿ ದಿನಾ ಆ ತಂತ್ರಾಂಶದ ಮುಂದೆ ಕೂತು ಕಣ್ಣು ಸವೆಸಿಕೊಂಡವರು ಅದರ ಬಳಕೆದಾರರ ಲೆಕ್ಕಕ್ಕೇ ಬರಲಿಲ್ಲ.

ಬಾಡಿಗೆ ಮನೆಯ ಖರ್ಚು ಆಮೇಲೆ ಗೊತ್ತಾಯಿತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹಳೇ ಫೈಲ್ ತೆರೆದರೆ ಶ್ರದ್ಧಾಂಜಲಿ ಹೋಗಿ ಝಡ್, ಎಥ್ ಸಾಲು ಬರುತ್ತೆ. ಹುಡುಕಿದರೆ ಸಿಗಲ್ಲ, ನಕಲು ಮಾಡಿ ಬೇರೆ ಕಡೆ ಹಾಕಿದರೆ ಓದಕ್ಕಾಗಲ್ಲ. ಪತ್ರಿಕೆಗಳ, ಸರ್ಕಾರಿ ಕಚೇರಿಗಳ ಹಳೇ ಕಡತಗಳದ್ದೂ ಇದೇ ಪಾಡು. ಅವುಗಳನ್ನ ಯೂನಿಕೋಡಿಗೆ ತರಲು ಪರಿವರ್ತಕ ಬರೆಯೋದೇ ಒಂದು ಕಸುಬಾಯಿತು. ಆದರೆ ಸ್ಟುಡಿಯೋ ಹಾರ್ಡ್ ಡಿಸ್ಕಿನಲ್ಲಿರುವ ಮದುವೆ, ಜಾತ್ರೆ, ಉರುಸಿನ ಹೆಸರುಗಳನ್ನ ಯಾರು ಪರಿವರ್ತಿಸುತ್ತಾರೆ?

ಪರಿಹಾರ ಬಂದಿದ್ದು ಬೇರೆ ದಿಕ್ಕಿನಿಂದ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ಅನ್ನೋ ಫೋಟೋ ತಂತ್ರಾಂಶ ಶುರು ಮಾಡಿದರು. ಉಚಿತ, ಒಳಗಿನ ಕೋಡೂ ತೆರೆದದ್ದು. 2004ರ ಗಿಂಪ್ 2.0 ತನ್ನ ಅಕ್ಷರಗಳನ್ನು ಪ್ಯಾಂಗೊ ಎಂಬ ಸಾಮಾನ್ಯ ಯಂತ್ರಕ್ಕೆ ಒಪ್ಪಿಸಿತು. ಜಗತ್ತಿನ ಎಲ್ಲ ಲಿಪಿಗೂ ಒಂದೇ ಕಡೆ ಜೋಡಣೆ ಆಗಲಿ ಅನ್ನೋದು ಅದರ ಉದ್ದೇಶ. ಆ ಬಳಗದಿಂದಲೇ ಬೆಳೆದದ್ದು ಹರ್ಫ್‌ಬಜ್. ಇರಾನ್ ಮೂಲದ ಬೆಹದಾದ್ ಎಸ್ಫಾಹ್‌ಬೋದ್ ಅದರ ಮುಖ್ಯ ರೂವಾರಿ. ಹೆಸರಿಗೆ ಪಾರ್ಸಿಯಲ್ಲಿ ತೆರೆದ ಅಕ್ಷರ ಅಂತ ಅರ್ಥ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದ ರಾಯಚೂರಿನ ಹಿರಿಯರಿಗೆ ಹರ್ಫ್ ಅಂದ್ರೆ ಅಕ್ಷರ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಅದನ್ನೇ ಬಳಸುತ್ತವೆ. ಹಾಗಾಗಿ ಮಾನ್ವಿಯ ಹುಡುಗ ಇವತ್ತು ಫೋನಿನಲ್ಲೇ ಬರ್ತ್‌ಡೇ ಬ್ಯಾನರ್ ಮಾಡಿದರೆ ಒತ್ತಕ್ಷರ ತಾನಾಗೇ ಕೂರುತ್ತೆ.

ಅಡೋಬಿಯೂ ಬದಲಾಯಿತು. 2012ರಲ್ಲಿ ಅದರ ಇನ್‌ಡಿಸೈನ್ ಕನ್ನಡವೂ ಸೇರಿ 10 ಭಾರತೀಯ ಭಾಷೆಗಳಿಗೆ ಬೆಂಬಲ ಕೊಟ್ಟಿತು. ಆಮೇಲೆ ಫೋಟೋಶಾಪಿನ ಸೆಟ್ಟಿಂಗ್ ಒಳಗೆ ಮಧ್ಯಪ್ರಾಚ್ಯ ಮತ್ತು ದಕ್ಷಿಣ ಏಷ್ಯಾ ಅನ್ನೋ ಆಯ್ಕೆ ಬಂತು, ಹುಡುಕಿ ಆರಿಸಿದವರಿಗೆ ಮಾತ್ರ. 2021ರಲ್ಲಿ ಆ ಬೇಲಿ ತೆಗೆದು ಎಲ್ಲ ಲಿಪಿಗೂ ಒಂದೇ ಯಂತ್ರ ಮಾಡಿದರು. ಇವತ್ತು ಹರ್ಫ್‌ಬಜ್ ಬಳಸುವವರ ಪಟ್ಟಿಯಲ್ಲಿ ಫೋಟೋಶಾಪ್ ಹೆಸರೂ ಇದೆ.

ಇದರಲ್ಲಿ ನಮಗೇನು ಕೆಲಸ? ಇದೆ. ಬೆಂಗಳೂರಿನಲ್ಲಿ ಕೂತು ನಾವು ಬರೆಯೋ ಆ್ಯಪನ್ನ ದೇವದುರ್ಗದವರೂ ಬಳಸ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಆ ಕಡೆಯಿಂದ ಒಂದೂ ದೂರು ಕಾಣದಿದ್ದರೆ, ಅವರು ಸುಖವಾಗಿದ್ದಾರೋ ಇಲ್ಲ ಬಾಡಿಗೆ ಮನೆ ಮಾಡಿಕೊಂಡಿದ್ದಾರೋ ಅಂತ ಹೋಗಿ ನೋಡಬೇಕಾಗುತ್ತೆ. ಅಂಗಡಿಗೆ ಹೋಗಿ ಅರ್ಧ ದಿನ ಆಪರೇಟರ್ ಪಕ್ಕ ಕೂತರೆ ಸಾಕು, ಅವನು ಯಾವ್ಯಾವ ಕೆಲಸ ಸುತ್ತುಬಳಸಿ ಮಾಡ್ತಾನೆ ಅನ್ನೋದೇ ನಮ್ಮ ಮುಂದಿನ ಕೆಲಸದ ಪಟ್ಟಿ. ಅಷ್ಟಾಗದಿದ್ದರೆ, ಟೆಸ್ಟ್ ಡೇಟಾದಲ್ಲಿ ಬೆಂಗಳೂರು, ರಾಯಚೂರು ಅಂತ ಸುಲಭದ ಊರುಗಳನ್ನೇ ಹಾಕಿ ಪಾಸ್ ಆಯ್ತು ಅನ್ನಬೇಡಿ. ಮಾನ್ವಿ ಹಾಕಿ, ದೇವದುರ್ಗ ಹಾಕಿ. ಬಿಲ್ಲಿನಲ್ಲಿ, ಪಿಡಿಎಫ್‌ನಲ್ಲಿ, ಫೋಟೋ ಮೇಲೆ ಎಲ್ಲ ಕಡೆ ಅರ್ಕಾವೊತ್ತು ತನ್ನ ಜಾಗದಲ್ಲಿ ನಿಂತಿದೆಯಾ ನೋಡಿ, ಆಮೇಲೆ ರಿಲೀಸ್ ಮಾಡಿ.