ಮಹಾಧಮನಿಗೊಂದು ಬಳಸುದಾರಿ

ಈ ಕಾಯಿಲೆಯ ಚರಿತ್ರೆ ಆರಂಭವಾಗುವುದು ಹೃದಯತಜ್ಞನಿಂದಲ್ಲ, ಕಣ್ಣಿನ ವೈದ್ಯನಿಂದ. 1908ರಲ್ಲಿ ಜಪಾನಿನ ಮಿಕಿಟೊ ತಕಯಾಸು, ತರುಣಿಯೊಬ್ಬಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಹೂದಂಡೆಯಂತೆ ಹೆಣೆದುಕೊಂಡಿದ್ದುದನ್ನು ನೇತ್ರವೈದ್ಯರ ಸಭೆಯಲ್ಲಿ ವಿವರಿಸಿದ. ಅಲ್ಲೇ ಇದ್ದ ಒನಿಷಿ ಮತ್ತು ಕಾಗೊಷಿಮಾ, ತಾವು ಕಂಡ ಇಂಥದೇ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗಲಿಲ್ಲವೆಂದರು. ಕಣ್ಣಿಗೂ ಮಣಿಕಟ್ಟಿಗೂ ಎತ್ತಣ ನಂಟು? ಹೃದಯದಿಂದ ಹೊರಡುವ ಮಹಾಧಮನಿ ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆಂಬುದು ಸ್ಪಷ್ಟವಾಗಲು ದಶಕಗಳೇ ಬೇಕಾದವು. ಕಾಯಿಲೆಗೆ ತಕಯಾಸುವಿನ ಹೆಸರೇ ನಿಂತಿತು.

ರೋಗ ಮಹಾಧಮನಿಯ ನಡುಭಾಗವನ್ನು ಹಿಡಿದರೆ ಲಕ್ಷಣಗಳೇ ಬೇರೆ. ತೋಳಿನಲ್ಲಿ ರಕ್ತದೊತ್ತಡ ವಿಪರೀತ, ಕಾಲಿನಲ್ಲಿ ನಾಡಿ ಕ್ಷೀಣ. ರಕ್ತ ಸಾಲದೆ ಹೋದ ಮೂತ್ರಪಿಂಡಗಳು ಒತ್ತಡವನ್ನು ಮತ್ತಷ್ಟು ಏರಿಸುತ್ತವೆ. ಅದರ ವಿರುದ್ಧ ದುಡಿದು ದುಡಿದು ಹೃದಯ ಸೋಲುತ್ತದೆ. ಈ ರೋಗಕ್ಕೆ ತುತ್ತಾಗುವವರು ಹೆಚ್ಚಾಗಿ ಎಳೆವಯಸ್ಸಿನ ಹೆಂಗಸರು. ಆ ವಯಸ್ಸಿನಲ್ಲಿ ರಕ್ತದೊತ್ತಡವೆಂದರೆ ನಂಬುವವರೇ ಕಡಿಮೆ. ತೋಳಿಗೆ ಪಟ್ಟಿ ಸುತ್ತಿ ಅಳೆದವರು ಕಾಲಿನ ನಾಡಿಯನ್ನೂ ಮುಟ್ಟಿ ನೋಡದಿದ್ದರೆ ರೋಗ ಕೈತಪ್ಪಿದಂತೆಯೇ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಪಿ.ಕೆ. ಸೇನ್ ಮತ್ತು ಸಂಗಡಿಗರು ಮಹಾಧಮನಿಯ ಈ ನಡುಭಾಗದ ತೊಂದರೆಯನ್ನು ಕುರಿತು 1963ರಲ್ಲಿ ಬರೆದ ಪ್ರಬಂಧ ಹೆಸರಾಯಿತು. 1968ರಲ್ಲಿ ಭಾರತದ ಮೊದಲ ಹೃದಯ ಕಸಿಗೆ ಕೈಹಾಕಿದ ಸೇನ್ ಇವರೇ.

ಕಟ್ಟಿಕೊಂಡ ಭಾಗವನ್ನು ಕತ್ತರಿಸಿ ತೆಗೆಯುವುದು ಸುಲಭವಲ್ಲ. ಉರಿಯೂತವುಂಡ ನಾಳ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡಿರುತ್ತದೆ. ಬೆನ್ನುಹುರಿಗೂ ಕರುಳಿಗೂ ಹೋಗುವ ಕವಲುಗಳು ಅಲ್ಲೇ ಒಡೆಯುತ್ತವೆ. ಅದಕ್ಕೇ ಶಸ್ತ್ರವೈದ್ಯರು ಬಳಸುದಾರಿ ಹಿಡಿದರು. ಎದೆಯೊಳಗಿನ ಮಹಾಧಮನಿಗೆ ಬಟ್ಟೆಯ ಕೊಳವೆಯ ಒಂದು ತುದಿಯನ್ನು ಹೊಲಿದು, ಇನ್ನೊಂದು ತುದಿಯನ್ನು ಹೊಟ್ಟೆಯಲ್ಲಿ ಕಿರಿದಾದ ಜಾಗದಿಂದ ಕೆಳಗೆ ಸೇರಿಸುವುದು. ಹಳೆಯ ನಾಳ ಇದ್ದಲ್ಲೇ ಇರುತ್ತದೆ.

ಬಟ್ಟೆ ಎಂದದ್ದು ಅಕ್ಷರಶಃ ನಿಜ. 1950ರ ದಶಕದ ಮೊದಲಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ನೈಲಾನ್ ಕೊಳ್ಳಲು ಅಂಗಡಿಗೆ ಹೋದಾಗ ಅದು ಮುಗಿದಿತ್ತು. ಸಿಕ್ಕಿದ ಡಾಕ್ರಾನನ್ನೇ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದ! ಡಾಕ್ರಾನ್ ಇಂದಿಗೂ ಬಳಕೆಯಲ್ಲಿದೆ.

ಆದರೆ ಹೊಲಿಗೆ ನಿಲ್ಲಬೇಕಲ್ಲ? ಉರಿಯೂತ ಇನ್ನೂ ಆರದ ಗೋಡೆಗೆ ಹೊಲಿದರೆ, ಮುಂದೆ ಅಲ್ಲಿ ನಾಳ ಬಲೂನಿನಂತೆ ಉಬ್ಬುವ ಇಲ್ಲವೇ ಮತ್ತೆ ಕಟ್ಟಿಕೊಳ್ಳುವ ಭಯ. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಸ್ಟೀರಾಯ್ಡ್ ಮೊದಲಾದ ಔಷಧಗಳಿಂದ ಉರಿಯೂತ ತಣಿಸಿ, ಗೋಡೆ ಆರೋಗ್ಯವಾಗಿರುವ ಜಾಗ ಹುಡುಕಿ ಸೂಜಿ ಹಾಕುತ್ತಾರೆ. ಬಳಸುದಾರಿಯಿಂದ ರಕ್ತ ಹರಿಯುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ. ಹಾಗಾಗಿ ಆ ಹೆಣ್ಣುಮಗಳು ವರ್ಷಗಟ್ಟಲೆ ಆಸ್ಪತ್ರೆಗೆ ಬರುತ್ತಿರಬೇಕು. ಪ್ರತಿ ಸಲವೂ ಎರಡು ಕೈ, ಎರಡು ಕಾಲುಗಳಲ್ಲಿ ನಾಡಿ ನೋಡಿಸಿಕೊಳ್ಳಬೇಕು.