ಹೊಸ್ತಿಲು ದಾಟಿದ ಕೂಸು, ತಾರೀಖಿಲ್ಲದ ಹುಟ್ಟುಹಬ್ಬ



ಪ್ರತಿವರ್ಷ ಜೂನ್ 1ರಂದು ನಿಮ್ಮಲ್ಲಿ ಹಲವರು ನನಗೆ ಹುಟ್ಟುಹಬ್ಬದ ಶುಭಾಶಯ ಕಳುಹಿಸುತ್ತೀರಿ. ನಿಮ್ಮ ವಿಶ್ವಾಸಕ್ಕೆ ನಾನು ಋಣಿ. ಆದರೆ ಇತಿಹಾಸ ಪಾಠ ಮಾಡಿದವನು ದಿನಾಂಕದ ವಿಷಯದಲ್ಲಿ ನಿಜವನ್ನೇ ಹೇಳಬೇಕು. ಶಾಲಾ ದಾಖಲೆಯಲ್ಲಿ ನನ್ನ ಜನ್ಮದಿನಾಂಕ 1-6-1948 ಎಂದಿದೆ. ಆ ದಿನ ನಾನಿನ್ನೂ ಹುಟ್ಟಿರಲಿಲ್ಲ. ನಮ್ಮವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು 'ಗಾಂಧಿ ಹೋದ ಮರುವರ್ಷ, ಹುಣಸೆ ಬಡಿಯೋ ಕಾಲದಲ್ಲಿ'. ಎಂದರೆ 1949ರ ಫೆಬ್ರವರಿಯೋ ಮಾರ್ಚೋ ಇರಬೇಕು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದೆಂದು ಹೆಡ್ ಮೇಷ್ಟರು ಒಂದು ವರ್ಷ ಹಿಂದಕ್ಕೆ ಸರಿದು, ಶಾಲೆ ಬಾಗಿಲು ತೆರೆಯುವ ಜೂನ್ ಒಂದನೆಯ ತಾರೀಖನ್ನೇ ಬರೆದುಕೊಂಡರು. ಅವರು ಬರೆದ ದಿನಾಂಕದ ಪ್ರಕಾರವೇ ನಾನು 2006ರ ಮೇ 31ರಂದು ನಿವೃತ್ತನಾದೆ. ಒಂದನೆಯ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕೆಂಬುದು ಸೇವಾ ನಿಯಮ. ಆದ್ದರಿಂದಲೇ ನಮ್ಮ ಕಾಲದ ಉಪಾಧ್ಯಾಯರು ಎಷ್ಟೋ ಮಂದಿ ಒಂದೇ ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಹೋದರು.

ಇದು ಹಳ್ಳಿಯವರ ಪಾಡು ಮಾತ್ರವಲ್ಲ. ಡಾ. ಎಸ್. ರಾಧಾಕೃಷ್ಣನ್ ಅವರ ಜನ್ಮದಿನವೆಂದು ನಾವು ಸೆಪ್ಟೆಂಬರ್ 5ರಂದು ಶಿಕ್ಷಕರ ದಿನಾಚರಣೆ ನಡೆಸುತ್ತೇವೆ. ಅಧಿಕೃತ ದಾಖಲೆಯಲ್ಲಿರುವುದು 1888ರ ಸೆಪ್ಟೆಂಬರ್ 5. ಆದರೆ ತಾವು ಹುಟ್ಟಿದ್ದು 1887ರ ಸೆಪ್ಟೆಂಬರ್ 20ರಂದು ಎಂದು ಸ್ವತಃ ರಾಧಾಕೃಷ್ಣನ್ ನಂಬಿದ್ದರೆಂಬುದನ್ನು ಅವರ ಮಗ, ಇತಿಹಾಸಕಾರ ಸರ್ವೇಪಲ್ಲಿ ಗೋಪಾಲ್, ತಂದೆಯ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಆ ಮಹನೀಯರ ಸ್ಥಿತಿಯೇ ಹೀಗಿದ್ದ ಮೇಲೆ ನಮ್ಮಂಥವರದು ಯಾವ ಲೆಕ್ಕ?

ತಿಥಿ, ನಕ್ಷತ್ರ, ತಾರೀಖು

ಹಿಂದಿನವರಿಗೆ ಹುಟ್ಟಿದ ದಿನದ ಎಚ್ಚರವೇ ಇರಲಿಲ್ಲವೆಂದು ತಿಳಿಯಬಾರದು. ರಾಮನವಮಿ, ಕೃಷ್ಣಾಷ್ಟಮಿಗಳು ಹುಟ್ಟುಹಬ್ಬಗಳೇ ಅಲ್ಲವೇ? ಮೈಸೂರು ಅರಸರ ಜನ್ಮೋತ್ಸವಕ್ಕೆ 'ವರ್ಧಂತಿ' ಎಂದು ಹೆಸರು. (ಇದೇ ಶಬ್ದ ತೆಲುಗಿನಲ್ಲಿ ಪುಣ್ಯತಿಥಿಯೆಂಬ ಅರ್ಥ ಕೊಡುತ್ತದೆ, ಆಂಧ್ರದ ನೆಂಟರಿಗೆ ವರ್ಧಂತಿಯ ಶುಭಾಶಯ ಹೇಳುವವರು ಎಚ್ಚರದಿಂದಿರಬೇಕು!) ಪಂಚಾಂಗ ಬಲ್ಲವರ ಮನೆಗಳಲ್ಲಿ ಮಗುವಿಗೆ ವರ್ಷ ತುಂಬಿದಾಗ ಆಯುಷ್ಯಹೋಮ ಮಾಡಿಸುತ್ತಿದ್ದರು. ಮಾರ್ಕಂಡೇಯನನ್ನೂ ಚಿರಂಜೀವಿಗಳನ್ನೂ ಪೂಜಿಸಿ, ಹಾಲಿಗೆ ಎಳ್ಳು ಬೆಲ್ಲ ಬೆರೆಸಿ ಕುಡಿಸುತ್ತಿದ್ದರು. ದೀರ್ಘಾಯುಷ್ಯಕ್ಕೆ ಸಾವನ್ನೇ ಗೆದ್ದ ಬಾಲಕನ ಪೂಜೆ! ಆ ಆಚಾರದ ಹಿಂದಿದ್ದ ಭಯವೇನೆಂಬುದನ್ನು ಮುಂದೆ ಹೇಳುತ್ತೇನೆ.

ತಿಥಿಯ ಹುಟ್ಟುಹಬ್ಬ ತಾರೀಖಿಗೆ ಹೊಂದುವುದಿಲ್ಲ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಹೀಗಾಗಿ ತಿಥಿ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ. ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಬಂದು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಒಂದೆಡೆ ಸೇರುತ್ತವೆ. ನಿಮ್ಮ ಹತ್ತೊಂಬತ್ತನೆಯ ಅಥವಾ ಮೂವತ್ತೆಂಟನೆಯ ಹುಟ್ಟುಹಬ್ಬದ ದಿನದ ಪಂಚಾಂಗ ತೆಗೆದು ನೋಡಿ, ಲೆಕ್ಕ ಕುತೂಹಲಕರವಾಗಿದೆ.

ಆದರೆ ಪಂಚಾಂಗವಿಲ್ಲದ ಮನೆಗಳೇ ಹೆಚ್ಚು. ಅಲ್ಲಿ ಮಗುವಿನ ವಯಸ್ಸನ್ನು ಅಳೆಯುತ್ತಿದ್ದುದು ದಿನಗಳಿಂದಲ್ಲ, ಮಗು ಮಾಡುವ ಕೆಲಸಗಳಿಂದ. 'ಕತ್ತು ನಿಂತಿದೆಯೇ?', 'ಬೋರಲು ಬಿತ್ತೇ?', 'ಕೂರುತ್ತದೆಯೇ?', 'ಅಂಬೆಗಾಲಿಡುತ್ತದೆಯೇ?', 'ಹೊಸ್ತಿಲು ದಾಟಿತೇ?' ಎಂದು ವಿಚಾರಿಸುವರೇ ಹೊರತು 'ಎಷ್ಟು ತಿಂಗಳು?' ಎಂದು ಕೇಳುವವರು ಕಡಿಮೆ. ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಲ್ಲಿ ಕೂಸು ಮೊದಲ ಬಾರಿ ಹೊಸ್ತಿಲು ದಾಟಿದ ದಿನವೇ ಹಬ್ಬ. ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಅಕ್ಕಪಕ್ಕದ ಮಕ್ಕಳಿಗೆ ಬೆಲ್ಲ, ಕೊಬ್ಬರಿ, ಹುರಿಗಡಲೆ ಹಂಚುತ್ತಿದ್ದರು. ಒಂದನೆಯ ವರ್ಷದ ಹುಟ್ಟುಹಬ್ಬವೆಂಬುದನ್ನು ನಾನು ಬಾಲ್ಯದಲ್ಲಿ ಕಂಡವನೇ ಅಲ್ಲ.

ಅಂಬೆಗಾಲಿನ ಕಾಲ

ಈಚೆಗೆ ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಮೂರು ವರ್ಷ ತುಂಬಿತು. ಅದೇ ವಾರ ಅವನ ಎಂಟು ತಿಂಗಳ ತಂಗಿ ತೆವಳುವುದನ್ನು ಬಿಟ್ಟು ಅಂಬೆಗಾಲಿಡಲು ಕಲಿತಳು. ಅಣ್ಣನ ಹಬ್ಬಕ್ಕೆಂದು ಕಟ್ಟಿದ್ದ ಬಣ್ಣದ ಕಾಗದ, ಬಲೂನು, ನೆಂಟರ ಚಪ್ಪಲಿ, ಇವುಗಳಲ್ಲಿ ಅವಳ ಕೈಗೆ ಸಿಕ್ಕದ್ದಿಲ್ಲ, ಬಾಯಿಗೆ ಹೋಗದ್ದಿಲ್ಲ. 'ತಾತಾ, ಅವಳು ನನ್ನ ಹುಟ್ಟುಹಬ್ಬ ತಿಂತಿದ್ದಾಳೆ' ಎಂದು ಮೊಮ್ಮಗ ದೂರು ತಂದ. ಸೊಸೆ ಅದಕ್ಕೂ ಮೊದಲೇ ವಿದ್ಯುತ್ ಪ್ಲಗ್ಗುಗಳಿಗೆ ಮುಚ್ಚಳ ಹಾಕಿಸಿ, ಮೆಟ್ಟಿಲಿಗೆ ಅಡ್ಡ ಬಾಗಿಲು ಇಡಿಸಿ, 'ಮಾವ, ನಿಮ್ಮ ಮಾತ್ರೆ ಡಬ್ಬಿ ಮೇಲಿಡಿ' ಎಂದು ನನಗೂ ಸೂಚನೆ ಕೊಟ್ಟಿದ್ದಳು. ಇಷ್ಟೇಕೆ ಗಾಬರಿ ಎಂದು ಬಂದ ಹಿರಿಯರೊಬ್ಬರು ನಕ್ಕರು. ನನಗೆ ನಗು ಬರಲಿಲ್ಲ.

ಹಳೆಯ ಮನೆಗಳಲ್ಲಿ ಅಂಬೆಗಾಲಿಡುವ ಕೂಸಿಗೆ ಎದುರಾಗುತ್ತಿದ್ದುದೇನು? ನೆಲದ ಮೇಲೆ ಉರಿಯುವ ಒಲೆ, ಕುದಿಯುವ ಎಸರು, ತುಂಬಿದ ಬಾನಿ, ಪಕ್ಕದಲ್ಲೇ ದನದ ಕೊಟ್ಟಿಗೆ, ಹಿತ್ತಲಲ್ಲಿ ಬಾವಿ. ಅವ್ವ ಹಳೆಯ ಸೀರೆಯ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಕೂಸಿನ ನಡುವಿಗೂ ಕಟ್ಟಿ ರಾಗಿ ಬೀಸಲು ಕೂರುತ್ತಿದ್ದಳು. ಬಾಗಿಲಿನ ಎತ್ತರದ ಹೊಸ್ತಿಲೇ ನಮಗೆ ಅಡ್ಡ ಬಾಗಿಲು. ಹೊಸ್ತಿಲು ದಾಟಿದ್ದೆಂದರೆ ಸಂತೋಷವೂ ಹೌದು, 'ಇನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು' ಎಂಬ ಎಚ್ಚರಿಕೆಯೂ ಹೌದು.

ಕಣ್ಣಿಗೆ ಕಾಣುವ ಅಪಾಯಕ್ಕಿಂತ ಕಾಣದ ಅಪಾಯ ದೊಡ್ಡದಾಗಿತ್ತು. ತಾಯಿಯ ಹಾಲಿನ ಜೊತೆಗೆ ಮೇಲಿನ ಆಹಾರ ಆರಂಭವಾಗುವುದು, ನೆಲದಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದು, ತಾಯಿಯಿಂದ ಪಡೆದ ರೋಗನಿರೋಧಕ ಬಲ ಕರಗುವುದು, ಈ ಮೂರೂ ಕೂಡಿಬರುವುದು ಅಂಬೆಗಾಲಿನ ಕಾಲದಲ್ಲೇ. ಶುದ್ಧ ನೀರಿಲ್ಲದ ಊರಿನಲ್ಲಿ ಇದರ ಫಲ ಭೇದಿ.

ನನಗೊಬ್ಬಳು ತಂಗಿಯಿದ್ದಳು. ನನಗಾಗ ಆರೋ ಏಳೋ ವರ್ಷ. ಅವಳು ಹೊಸ್ತಿಲು ದಾಟಿದ ದಿನ ಬೆಲ್ಲ ಹಂಚಿದವನು ನಾನೇ; ಅದು ಚೆನ್ನಾಗಿ ನೆನಪಿದೆ. ಮುಂದಿನ ಮಳೆಗಾಲದಲ್ಲಿ ಅವಳಿಗೆ ಭೇದಿ ಹತ್ತಿತು. ಭೇದಿಯಾಗುವ ಕೂಸಿಗೆ ನೀರು ಕೊಡಬಾರದು, ಕೊಟ್ಟರೆ ಇನ್ನೂ ಹೆಚ್ಚುತ್ತದೆ ಎಂಬುದು ಅಂದಿನ ಹಿರಿಯರ ನಂಬಿಕೆ. ಕೂಸು ನೀರಿನ ಚೊಂಬಿನ ಕಡೆಗೆ ಕೈ ಚಾಚುತ್ತಿತ್ತು. ಮೂರನೆಯ ದಿನ ಕಣ್ಣು ಒಳಸೇರಿ, ಅಳುವಾಗ ಕಣ್ಣೀರೂ ಬಾರದಾಯಿತು. ನಾಲ್ಕನೆಯ ದಿನ ಅವಳಿರಲಿಲ್ಲ. ಹುಟ್ಟು ಸಾವು ಬರೆಸುವ ರೂಢಿ ನಮ್ಮ ಮನೆಗಿರಲಿಲ್ಲವಾಗಿ ಅವಳು ಹುಟ್ಟಿದ್ದೂ ಹೋದದ್ದೂ ಯಾವ ಪುಸ್ತಕದಲ್ಲೂ ಇಲ್ಲ. ಅವ್ವನನ್ನು ಯಾರಾದರೂ ಎಷ್ಟು ಮಕ್ಕಳೆಂದು ಕೇಳಿದರೆ ಐವರೆನ್ನುವಳು, ಅಪ್ಪ ನಾಲ್ವರೆನ್ನುವನು.

ಬೇಕಾಗಿದ್ದ ಔಷಧ ಮನೆಯಲ್ಲೇ ಇತ್ತು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರ ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಬೀಸ್ ಎಂಬ ಬಂಗಾಳಿ ವೈದ್ಯರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಬಳಿಕ ಅದು ಜಗತ್ತಿನೆಲ್ಲೆಡೆ ಹರಡಿತು. ನನ್ನ ತಂಗಿಯ ಪಾಲಿಗೆ ಆ ತಿಳಿವಳಿಕೆ ಹದಿನೈದು ವರ್ಷ ತಡವಾಗಿ ಬಂತು.

ಹೆಸರಿನಲ್ಲಿ ಅಡಗಿದ ಭಯ

ಇದು ನಮ್ಮೊಂದು ಮನೆಯ ಕಥೆಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 1971ರಲ್ಲಿ ಕೂಡ ಆ ಸಂಖ್ಯೆ 129. ಎಂದರೆ ಎಂಟು ತೊಟ್ಟಿಲುಗಳಲ್ಲಿ ಒಂದು ಬರಿದಾಗುತ್ತಿತ್ತು. ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಕಸವೆಂದು ತಿಳಿದು ಮೃತ್ಯು ಬಿಟ್ಟು ಹೋಗಲಿ ಎಂಬ ಆಸೆ. ನನ್ನ ಹಾಜರಿ ಪುಸ್ತಕಗಳಲ್ಲಿ ಆ ಹೆಸರುಗಳು ಎಷ್ಟೋ ಇದ್ದವು. ಕೂಗಿದಾಗ ಉಳಿದ ಹುಡುಗರು ನಗುತ್ತಿದ್ದರು. ಆ ಹೆಸರಿನ ಅರ್ಥ ವಿವರಿಸಿದ ಮೇಲೆ ತರಗತಿ ಮೌನವಾಗುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ.

ಚನ್ನಪಟ್ಟಣದ ಬಳಿ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಾಲಯವಿದೆ. ಅಲ್ಲಿನ ಅಂಬೆಗಾಲು ನವನೀತಕೃಷ್ಣನ ದರ್ಶನಕ್ಕೆ ಸಂತಾನ ಬಯಸುವವರು ಬರುತ್ತಾರೆ. ತೊಟ್ಟಿಲುಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ದೇವರನ್ನು ಅಂಬೆಗಾಲಿಡುವ ಕೂಸಾಗಿ ನೋಡುವುದರಲ್ಲಿ ಭಕ್ತಿಯಷ್ಟೇ ಪ್ರಾರ್ಥನೆಯೂ ಇದೆಯೆಂದು ನನಗೆ ತೋರುತ್ತದೆ. ಕೂಸು ಹುಟ್ಟಿದರೆ ಸಾಲದು, ಅದು ಅಂಬೆಗಾಲಿಡುವಷ್ಟಾದರೂ ಬೆಳೆಯಬೇಕು.

ತಾರೀಖು ಬಂದ ಬಗೆ

ಈ ಸ್ಥಿತಿ ಒಂದೇ ಏಟಿಗೆ ಬದಲಾಗಲಿಲ್ಲ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಭಾರತದ ಮೊತ್ತಮೊದಲ ಸಿಡುಬಿನ ಲಸಿಕೆ ಹಾಕಿಸಿಕೊಂಡದ್ದು ಮೂರು ವರ್ಷದ ಬಾಲೆ, ಆನಾ ಡಸ್ಟ್‌ಹಾಲ್. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತಿಗೆಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಅಲ್ಲಿಂದ 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವೆಂದು ಘೋಷಿತವಾಗುವವರೆಗೆ 175 ವರ್ಷ ಹಿಡಿಯಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರಕ್ಕೆ ಅಂಗನವಾಡಿ ಬಂತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು. ಅಂಗನವಾಡಿ ಕಾರ್ಯಕರ್ತೆ ಮಗುವಿನ ತೂಕ ಬರೆದ ಚೀಟಿಯಲ್ಲಿ, ದಾದಿ ಲಸಿಕೆ ಬರೆದ ಕಾರ್ಡಿನಲ್ಲಿ ಹುಟ್ಟಿದ ತಾರೀಖಿಗೆಂದೇ ಒಂದು ಜಾಗವಿತ್ತು. 'ಹುಣಸೆ ಬಡಿಯೋ ಕಾಲ' ಎಂದರೆ ಲಸಿಕೆಯ ಲೆಕ್ಕ ಸಿಗುವುದಿಲ್ಲ. ಹೀಗೆ ನಮ್ಮ ತಾಯಂದಿರಿಗೆ ತಾರೀಖನ್ನು ಕಲಿಸಿದ್ದು ಶಾಲೆಗಿಂತ ಹೆಚ್ಚಾಗಿ ಲಸಿಕೆಯ ಕಾರ್ಡು.

ಕಾನೂನೂ ಜೊತೆಗೂಡಿತು. 1969ರಲ್ಲಿ ಜನನ ಮರಣ ನೋಂದಣಿ ಅಧಿನಿಯಮವಾಯಿತು. 2023ರ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಂಥ ಕಾರ್ಯಗಳಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೆಡ್ ಮೇಷ್ಟರು ದಯಪಾಲಿಸುವ ಜೂನ್ ಒಂದರ ಕಾಲ ಮುಗಿಯಿತು. 2020ರ ಅಂಕಿಯಂತೆ ಸಾವಿರಕ್ಕೆ ಶಿಶುಮರಣ ದೇಶದಲ್ಲಿ 28, ಕರ್ನಾಟಕದಲ್ಲಿ 19. ಈ ಹತ್ತೊಂಬತ್ತೂ ನಮ್ಮ ನಿಮ್ಮಂಥವರ ಕೂಸುಗಳೇ ಎಂಬುದನ್ನು ಮರೆಯಬಾರದು.

ಮೇಣದಬತ್ತಿಯ ಬಗ್ಗೆ ಎರಡು ಮಾತು

ಕೇಕು ಕತ್ತರಿಸುವುದು, ದೀಪ ಆರಿಸುವುದು ನಮ್ಮ ಸಂಸ್ಕೃತಿಯಲ್ಲವೆಂದು ನನ್ನ ಓರಗೆಯವರು ಬೇಸರಪಡುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದಬತ್ತಿ ಹಚ್ಚುವ ಪದ್ಧತಿ ಹದಿನೆಂಟನೆಯ ಶತಮಾನದ ಜರ್ಮನಿಯಿಂದ ಹರಡಿದ್ದು. ಎಲ್ಲರೂ ಹಾಡುವ ಆ ಇಂಗ್ಲಿಷ್ ಹಾಡಿನ ಧಾಟಿ 1893ರಲ್ಲಿ ಅಮೆರಿಕದ ಕೆಂಟಕಿಯ ಪ್ಯಾಟಿ ಮತ್ತು ಮಿಲ್ಡ್ರೆಡ್ ಹಿಲ್ ಎಂಬ ಸೋದರಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ವಂದನೆಗೆಂದು ರಚಿಸಿದ್ದು. ಪ್ಯಾಟಿ ನಮ್ಮ ಹಾಗೆಯೇ ಉಪಾಧ್ಯಾಯಿನಿ. ಅಷ್ಟಕ್ಕಾದರೂ ನಾನು ಆ ಹಾಡನ್ನು ಕ್ಷಮಿಸಿದ್ದೇನೆ! ದೀಪ ಆರಿಸಲು ಮನಸ್ಸಿಲ್ಲದವರು ಹಚ್ಚಲಿ. ಕೇಕು ಬೇಡವೆನ್ನುವವರು ಪಾಯಸ ಮಾಡಲಿ. ಮಗುವಿಗೆ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ತುಂಬುವುದು ಖಚಿತವೆಂದು ನಂಬಿ ತಿಂಗಳ ಮೊದಲೇ ನೆಂಟರನ್ನು ಕರೆಯುವ ಧೈರ್ಯ ನಮ್ಮವ್ವನ ಕಾಲದಲ್ಲಿ ಯಾರಿಗೂ ಇರಲಿಲ್ಲ. ಆ ಧೈರ್ಯ ನಿಮಗೆ ಬಂದಿದೆಯೆಂಬುದೇ ನನಗೆ ದೊಡ್ಡ ಸಂಗತಿ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಇರುವಾಗಲೇ ಕುಳಿತು ಕೇಳಿ: ಯಾರು ಯಾವ ಬರಗಾಲದಲ್ಲಿ, ಯಾವ ಜಾತ್ರೆಯ ಮುಂದೆ, ಯಾವ ಸುಗ್ಗಿಯಲ್ಲಿ ಹುಟ್ಟಿದರು ಎಂದು. ಉಳಿಯದ ಮಕ್ಕಳನ್ನೂ ಕೇಳಿ; ಮೊದಲು ಸುಮ್ಮನಿರುತ್ತಾರೆ, ಆಮೇಲೆ ಹೇಳುತ್ತಾರೆ. ಕೇಳಿದ್ದನ್ನು ಬರೆದಿಡಿ. ನಮ್ಮ ವಂಶವೃಕ್ಷದ ಹಾಳೆಯಲ್ಲಿ ನಾನು ಅವ್ವನ ಹೆಸರಿನ ಕೆಳಗೆ ಐದು ಗೆರೆ ಎಳೆದಿದ್ದೇನೆ. ಐದನೆಯದರಲ್ಲಿ ತಾರೀಖಿಲ್ಲ. 'ಹೊಸ್ತಿಲು ದಾಟಿದ್ದಳು' ಎಂದಷ್ಟೇ ಬರೆದಿದ್ದೇನೆ.