ತಿಂಗಳಿಗೆ 5 ರೂಪಾಯಿಯ ವಿಮೆ

ರೈತನ ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಮೊದಲು ಹಸು, ಆಮೇಲೆ ಒಡವೆ, ಕೊನೆಗೆ ಹೊಲ ಕೈಬಿಡುತ್ತಿದ್ದ ಕಾಲವದು. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ‘ಮೆಡಿಕ್ಲೇಮ್’ ಪಾಲಿಸಿ ತಂದರೂ ಅದು ಹಳ್ಳಿಗೆ ತಲುಪಿದ್ದು ಕಡಿಮೆ.

ಒಬ್ಬೊಬ್ಬರಾಗಿ ಕೊಳ್ಳುವ ಆರೋಗ್ಯ ವಿಮೆ ದುಬಾರಿಯಾಗಲು ಕಾರಣವಿದೆ. ಕಾಯಿಲೆಯ ಭಯವಿರುವವರೇ ಹೆಚ್ಚಾಗಿ ಸೇರುತ್ತಾರೆ. ಖರ್ಚು ಏರಿದಂತೆ ಕಂತೂ ಏರುತ್ತದೆ. ಆರೋಗ್ಯವಂತರು ದೂರ ಸರಿಯುತ್ತಾರೆ. ಇದಕ್ಕೆ ಮದ್ದೆಂದರೆ ಎಲ್ಲರೂ ಒಟ್ಟಾಗಿ ಸೇರುವುದು.

ಹಾಗೆ ಒಟ್ಟಾಗಿದ್ದವರು ಕರ್ನಾಟಕದ ಹಳ್ಳಿಗಳಲ್ಲಿ ಆಗಲೇ ಇದ್ದರು. ಅವರೇ ಹಾಲು ಉತ್ಪಾದಕರ ಹಾಗೂ ಕೃಷಿ ಪತ್ತಿನ ಸಹಕಾರ ಸಂಘಗಳ ಸದಸ್ಯರು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಚಿಂತನೆಯಿಂದ ಮೂಡಿದ ‘ಯಶಸ್ವಿನಿ’ ಯೋಜನೆ 2003ರ ಜೂನ್‌ನಲ್ಲಿ ಈ ಸಂಘಗಳ ಮೂಲಕವೇ ಜಾರಿಗೆ ಬಂತು. ವಂತಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ. ಸರ್ಕಾರವೂ ತನ್ನ ಪಾಲು ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಆಸ್ಪತ್ರೆಗಳು ಮೊದಲೇ ಗೊತ್ತುಪಡಿಸಿದ ದರಕ್ಕೆ ಒಪ್ಪಿದವು. ಆದರೆ ಯೋಜನೆಯ ಒತ್ತು ಶಸ್ತ್ರಚಿಕಿತ್ಸೆಗೆ. ಜ್ವರ, ಕೆಮ್ಮಿನ ಔಷಧಿಗೆ ರೈತ ಕೈಯಿಂದಲೇ ಹಣ ಹಾಕಬೇಕಿತ್ತು.

2018ರಲ್ಲಿ ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಂಡ ಯಶಸ್ವಿನಿ, 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂತು. ಆಗ ನಾಲ್ಕು ಜನರ ಗ್ರಾಮೀಣ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ.

ಈ ವಿಮೆ ಅಗ್ಗವಾದದ್ದು ಸರ್ಕಾರದ ನೆರವೊಂದರಿಂದಲೇ ಅಲ್ಲ. ಈ ವರ್ಷ ಕಾಯಿಲೆ ಬೀಳದವನ 60 ರೂಪಾಯಿ, ಬಿದ್ದವನ ಹೊಲವನ್ನು ಉಳಿಸಿತು.